ನಿಂತ ಗಾಡಿಯ ತಂಪು

ಅಧ್ಯಕ್ಷ ಸ್ಥಾನದಲ್ಲಿ ಕುಳಿತಿರುವ ತೇರದಾಳದ ಪಾರಿಸಪ್ಪನವರೇ, ಅತಿಥಿಗಳಾಗಿ ಬಂದಿರುವ ಐ.ಟಿ.ಐ. ಗುರುಗಳೇ, ನಮ್ಮ ಸಂಘದ ಕಾರ್ಯದರ್ಶಿ ನಾಮದೇವ ಅವರೇ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ, ಬನಹಟ್ಟಿಗಳಿಂದ ಕೈಯ ಕೆಲಸ ಬಿಟ್ಟು ಬಂದಿರುವ ಗ್ಯಾರೇಜಿನ ಮಾಲಕರೇ, ಮಿಸ್ತ್ರಿಗಳೇ, ಡ್ರೈವರುಗಳೇ, ಊಟದ ವಾಸನೆ ಬಂದಾಗಿನಿಂದ ಬಾಗಿಲ ಕಡೆಗೇ ನೋಡುತ್ತಿರುವ ಸಭಿಕರೇ, ನಿಮಗೆಲ್ಲ ಬನಹಟ್ಟಿಯ ಗಿರಮಲ್ಲಪ್ಪ ಮಿಸ್ತ್ರಿಯ ಶರಣು.

ನಾಮದೇವರು ನನಗೆ ಓದಲಿಕ್ಕೆ ಒಂದು ಹಾಳೆ ಬರೆದುಕೊಟ್ಟಿದ್ದಾರೆ. ಅಕ್ಷರ ದುಂಡಗಿವೆ, ಮಾತು ಅದಕ್ಕಿಂತ ದುಂಡಗಿವೆ. ‘ಈ ಸನ್ಮಾನಕ್ಕೆ ನಾನು ಅರ್ಹನೋ ಅಲ್ಲವೋ ಅರಿಯೆ’ ಎಂದು ಶುರುವಾಗುತ್ತದೆ. ಅರ್ಹನೋ ಅಲ್ಲವೋ ನನಗೆ ಗೊತ್ತಿದೆ. ಅದಕ್ಕೇ ಹಾಳೆಯನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡೆ. ಶಾಲೂ ಸದ್ಯ ಮೇಜಿನ ಮೇಲೇ ಇರಲಿ ಅಂದೆ. ಮೇ ತಿಂಗಳ ಜಮಖಂಡಿಯಲ್ಲಿ ಅರವತ್ತೆಂಟು ವರ್ಷದವನಿಗೆ ಶಾಲು ಹೊದಿಸುವುದು ಸನ್ಮಾನವೋ ಶಿಕ್ಷೆಯೋ ಎಂದು ಕೇಳಿದರೆ ನೀವು ನಗುತ್ತೀರಿ. ನಗಿರಿ. ಆದರೆ ನಾನು ಬೇಡವೆಂದದ್ದು ಸೆಕೆಗಲ್ಲ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಹೊತ್ತು ಹಿಡಿಯುತ್ತದೆ. ದಣಿದಿದ್ದೇನೆ, ಅವಸರ ಮಾಡಲಾರೆ. ನಡುವೆ ಯಾರೂ ಎದ್ದು ಹೋಗಬೇಡಿರಿ. ಮುಖ್ಯವಾಗಿ ಆ ಕೊನೆಯ ಸಾಲಿನಲ್ಲಿ ಕಂಬದ ಹಿಂದೆ ಕೂತವರು.

ನನ್ನ ಪರಿಚಯ ಮಾಡಿಕೊಡುವಾಗ ಗುರುಗಳು ಹೇಳಿದರು, ಗಿರಮಲ್ಲಪ್ಪ ಮಿಸ್ತ್ರಿ ಪೈಪಿನ ಮೇಲೆ ಕೈಯಿಟ್ಟರೆ ಸಾಕು, ಏಸಿಯ ರೋಗ ಗೊತ್ತಾಗುತ್ತದೆ ಎಂದು. ಮೂವತ್ತು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ಮೊದಲ ಹತ್ತು ವರ್ಷ ಅದು ಸುಳ್ಳು ಎಂಬುದು ನನಗೆ ನೆನಪಿತ್ತು. ಆಮೇಲೆ ಮರೆತುಹೋಯಿತು.

ನಾನು ಐದನೆಯ ಇಯತ್ತೆಯಲ್ಲಿ ಸಾಲಿ ಬಿಟ್ಟವನು. ಬಡತನದಿಂದ ಬಿಟ್ಟ ಎಂದು ಸನ್ಮಾನಪತ್ರದಲ್ಲಿ ಬರೆದಿದ್ದಾರೆ. ಹಾಗೇನಿಲ್ಲ. ಮಾಸ್ತರರು ನನ್ನ ಲೆಕ್ಕ ತಪ್ಪೆಂದು ಪಾಟಿ ಒರೆಸಿದರು. ನಾನು ಪಾಟಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಲೆಕ್ಕ ತಪ್ಪೇ ಇತ್ತು. ಆದರೂ ಮತ್ತೆ ಹೋಗಲಿಲ್ಲ. ಮರುದಿನವೇ ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತಲಿಕ್ಕೆ ಕುಳಿತೆ. ಅಲ್ಲಿಂದ ಸಾಂಗಲಿಗೆ ಹೋಗಿ ಫ್ರಿಜ್ ರಿಪೇರಿ ಕಲಿತೆ, ತಿರುಗಿ ಬಂದು ಬನಹಟ್ಟಿಯಲ್ಲಿ ಕಾರಿನ ಏಸಿಗೆ ಕೈಹಚ್ಚಿದೆ. ಆಗ ಇಡೀ ಊರಿನಲ್ಲಿ ಏಸಿ ಇರುವ ಕಾರು ಮೂರು. ಮೂರೂ ಸೀರೆ ವ್ಯಾಪಾರಿಗಳವು.

ಈ ಮೂವತ್ತು ವರ್ಷದಲ್ಲಿ ನಾನು ಅತಿ ಹೆಚ್ಚು ಕೇಳಿದ ತಕರಾರು ಯಾವುದು? ‘ಮಿಸ್ತ್ರಿ, ಓಡೂವಾಗ ತಂಪೈತ್ರಿ, ನಿಂತ ಕೂಡಲೆ ಬಿಸಿ ಗಾಳಿ ಬರತೈತ್ರಿ.’ ಇಲ್ಲಿ ಕೂತ ಮಿಸ್ತ್ರಿಗಳಿಗೆ ಇದು ಹೊಸದಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಗಾಡಿಯ ಮುಖದ ಜಾಲರಿಯ ಹಿಂದೆ, ರೇಡಿಯೇಟರಿನ ಮುಂದೆ, ಕಂಡೆನ್ಸರ್ ಎಂಬ ತೆಳುವಾದ ಹಲಗೆ ಇರುತ್ತದೆ, ಬಾಚಣಿಗೆಯ ಹಲ್ಲಿನ ಹಾಗೆ ಸಂದುಸಂದು. ಒಳಗಿನ ಸೆಕೆಯನ್ನು ಗ್ಯಾಸು ಹೊತ್ತು ತಂದು ಚೆಲ್ಲುವುದು ಅಲ್ಲಿ. ಗಾಡಿ ಓಡುವಾಗ ರಸ್ತೆಯ ಗಾಳಿ ಬಂದು ಆ ಸೆಕೆಯನ್ನು ಒಯ್ಯುತ್ತದೆ, ಎಂಥ ದೋಷವಿದ್ದರೂ ಮುಚ್ಚಿಹೋಗುತ್ತದೆ. ನಿಂತಾಗ ಹಿಂದಿನ ಫ್ಯಾನು ಎಳೆದಷ್ಟೇ ಗಾಳಿ. ಆಗ ಮುಚ್ಚಿಡಲಿಕ್ಕೆ ಬರುವುದಿಲ್ಲ. ಫ್ಯಾನು ಸತ್ತಿರಬಹುದು, ಗ್ಯಾಸು ಇಳಿದಿರಬಹುದು, ಗ್ಯಾಸನ್ನು ಒತ್ತಿ ತಿರುಗಿಸುವ ಕಂಪ್ರೆಸರ್ ಮುದಿಯಾಗಿರಬಹುದು, ಆ ಸಂದುಗಳಲ್ಲಿ ಕಸ ಕೂತಿರಬಹುದು. ಯಾವುದೆಂದು ತಿಳಿಯಬೇಕಾದರೆ ಗಾಡಿಯನ್ನು ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ಸುಮ್ಮನೆ ಎದುರಿಗೆ ನಿಲ್ಲಬೇಕು. ನಿಲ್ಲುವ ತಾಳ್ಮೆ ಎಷ್ಟು ಜನಕ್ಕಿದೆ? ನನಗಿರಲಿಲ್ಲ. ಗಿರಾಕಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ರಬಕವಿಯವರೆಗೆ ಓಡಿಸಿ ತಂದು, ‘ತಂಪೈತಲ್ಲೋ’ ಎಂದು ಕೀಲಿ ಕೊಟ್ಟುಬಿಡುತ್ತಿದ್ದೆ.

ಒಮ್ಮೆ ತಿಮ್ಮಾಪುರ ಕಡೆಯವರೊಬ್ಬರು ಹಿಂದಿನ ಸೀಟಿನಲ್ಲಿ ಮುಧೋಳ ನಾಯಿ ಕೂರಿಸಿಕೊಂಡು ಬಂದರು. ‘ನಮಗೇನೂ ಆಗೂದಿಲ್ರಿ, ಇದಕ್ಕ ಸೆಕಿ ತಡಿಯೂದಿಲ್ಲ’ ಅಂದರು. ನಾನು ಎಂದಿನಂತೆ ಓಡಿಸಿ ತಂದೆ. ನಾಯಿ ಬಾಯಿ ಮುಚ್ಚಿಕೊಂಡು ಮಹಾರಾಜನ ಹಾಗೆ ಕೂತಿತ್ತು. ಅಂಗಡಿಯ ಮುಂದೆ ನಿಲ್ಲಿಸಿ ಎರಡು ನಿಮಿಷವಾಗಿರಲಿಲ್ಲ, ಒಂದು ಗೇಣು ನಾಲಿಗೆ ಹೊರಗೆ ಬಂತು. ಆಗ ನನ್ನ ತಮ್ಮ ಮುತ್ತಣ್ಣ ಅಂದ, ‘ಅಣ್ಣಾ, ನಾಯಿ ನಿನಗಿಂತ ಛಲೋ ಮಿಸ್ತ್ರಿ ಐತಿ ನೋಡು. ನಿಂತ ಮ್ಯಾಲ ಹೇಳತೈತಿ.’ ಅಂಗಡಿಯವರೆಲ್ಲ ನಕ್ಕರು. ನಾನು ನಟ್ಟು ಬಿಚ್ಚುವ ಪಾನಾ ಎತ್ತಿ ಅವನತ್ತ ಒಗೆದೆ. ತಾಕಲಿಲ್ಲ.

ಮುತ್ತಣ್ಣನ ಹೆಸರು ಬಂತು. ಬರಲೇಬೇಕಿತ್ತು.

ಅವನು ನನಗಿಂತ ಹದಿನಾರು ವರ್ಷ ಸಣ್ಣವನು. ನನ್ನ ಹೆಂಡತಿ ಮಾಯವ್ವ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಏಳು ವರ್ಷ. ತಾಯಿ ಇರಲಿಲ್ಲ. ಅವಳೇ ತಲೆಗೆ ಎಣ್ಣೆ ಹಚ್ಚಿದಳು, ಅವಳೇ ಬಡಿದಳು, ಅವಳೇ ರೊಟ್ಟಿ ಕಟ್ಟಿ ಸಾಲಿಗೆ ಕಳಿಸಿದಳು. ಅವನು ಐ.ಟಿ.ಐ. ಮುಗಿಸಿ ನನ್ನ ಜೊತೆ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ. ನಮ್ಮ ಅಂಗಡಿಯ ಪದ್ಧತಿ ನಿಮಗೆ ಗೊತ್ತು. ರೋಗ ಏನೆಂದು ದೊಡ್ಡವನು ಹೇಳುವುದು, ಬಿಚ್ಚಿ ಕಟ್ಟುವುದು ಸಣ್ಣವನು. ನಾನು ಹೇಳಿದ ರೋಗಕ್ಕೆ ಅವನು ಔಷಧ ಮಾಡಬೇಕು. ರೋಗವೇ ಬೇರೆ ಅಂದರೆ? ಅನ್ನುವ ಹಾಗಿಲ್ಲ. ಅಷ್ಟೇ.

ಈಗ ನನ್ನ ಸ್ವಂತ ಗಾಡಿಯ ವಿಷಯ. ಅದನ್ನು ತಗೊಂಡು ಎಂಟು ವರ್ಷವಾಯಿತು. ನಾವು ಬೀರಪ್ಪನ ಒಕ್ಕಲು. ವರ್ಷಕ್ಕೊಮ್ಮೆ ಗಾಡಿಯನ್ನು ದೇವರ ಮುಂದೆ ಒಯ್ದು ನಿಲ್ಲಿಸುತ್ತೇವೆ, ಪೂಜಾರಿ ಬೊಗಸೆ ಬೊಗಸೆ ಭಂಡಾರ ತೂರುತ್ತಾನೆ. ಬರೀ ಅರಿಷಿಣದ ಪುಡಿ ಅನ್ನಬೇಡಿರಿ, ನಮಗೆ ಅದು ದೇವರೇ. ಗಾಡಿಯ ಮುಖದ ಮೇಲೆ ಬಿದ್ದ ಭಂಡಾರ ನಮ್ಮ ಮನೆಯಲ್ಲಿ ಯಾರೂ ನೀರು ಹಾಕಿ ತೊಳೆಯುವುದಿಲ್ಲ. ಒಣ ಅರಿವೆಯಿಂದ ಗ್ಲಾಸ್ ಒರೆಸುತ್ತೇವೆ, ಮುಗಿಯಿತು. ತೊಳೆದ ನೀರನ್ನು ಯಾರಾದರೂ ತುಳಿದರೆ ಎಂಬ ಅಂಜಿಕೆ.

ಬನಹಟ್ಟಿಯ ಗಾಳಿಯಲ್ಲಿ ಗಾಳಿಗಿಂತ ನೂಲಿನ ಧೂಳು ಹೆಚ್ಚು. ಬೇರೆಯವರ ಗಾಡಿಗಳ ಕಂಡೆನ್ಸರಿನಿಂದ ನಾನು ಹಾಸಿಗೆ ತುಂಬುವಷ್ಟು ಹತ್ತಿ ತೆಗೆದಿದ್ದೇನೆ. ಬ್ರಶ್ ಹಿಡಿದು, ನೀರು ಬಿಟ್ಟು, ಎಷ್ಟು ಗಾಡಿ ತೊಳೆದಿಲ್ಲ? ನನ್ನ ಗಾಡಿಯೊಂದನ್ನು ಬಿಟ್ಟು. ಅದಕ್ಕೆ ದೇವರ ಕಾವಲಿತ್ತು.

ಮಾಯವ್ವ ಮೊದಲು ಹೇಳಿದಳು. ‘ಏನ್ರೀ, ಗಾಡಿ ನಿಂತ್ರ ಒಳಗ ಬೆಂಕಿ ಬೀಳತೈತಿ.’ ನಾನು ಅಂದೆ, ‘ನಿಂದ್ರೂದ್ಯಾಕ? ನಡಕೋತ ಇದ್ರ ತಂಪಿರತೈತಿ.’ ಇಡೀ ಊರಿನ ಏಸಿ ಮಾಡುವವನು ಹೆಂಡತಿಗೆ ಕೊಟ್ಟ ಉತ್ತರ ಇದು.

ಅವಳು ಬಿಡಲಿಲ್ಲ. ಕೊನೆಗೆ ನಾನು ಪೈಪಿನ ಮೇಲೆ ಕೈಯಿಟ್ಟೆ, ಕಂಪ್ರೆಸರ್ ಹೋಗಿದೆ ಅಂದೆ. ಮುತ್ತಣ್ಣ ಬೇಡ ಅಂದ. ಇಂಜಿನ್ ಚಾಲೂ ಮಾಡಿ ಒಂದು ಹಾಳೆ ತಂದು ಗಾಡಿಯ ಮುಖಕ್ಕೆ ಹಿಡಿದ. ಗಾಳಿ ಸರಿ ಎಳೆಯುತ್ತಿದ್ದರೆ ಹಾಳೆ ಜಾಲರಿಗೆ ಅಂಟಿ ನಿಲ್ಲಬೇಕು. ಹಾಳೆ ಜಾರಿ ಕೆಳಗೆ ಬಿತ್ತು. ಫ್ಯಾನು ಮಾತ್ರ ಭರೋ ಎಂದು ತಿರುಗುತ್ತಿತ್ತು.

‘ಅಣ್ಣಾ, ಫ್ಯಾನಿನ ತಪ್ಪಲ್ಲ, ಕಂಪ್ರೆಸರಿಂದೂ ಅಲ್ಲ. ಸಂದಿ ಕಟ್ಟ್ಯಾವ. ಒಂದು ಕೊಡ ನೀರು ಮಾರಿಗೆ ಸುರುವಿ ನೋಡೂಣು. ತಣ್ಣಗಾತಂದ್ರ ರೋಗ ಅಲ್ಲೇ ಐತಿ.’

‘ಲೇ, ಬೀರಪ್ಪನ ಭಂಡಾರದ ಮ್ಯಾಲ ನೀರು ಸುರುವಂತೀಯೇನು? ಮೈ ನೆಟ್ಟಗೈತಿಲ್ಲೋ?’

‘ದೇವರಿಗೆ ಕೈ ಮುಗದೇ ಸುರುವೂಣಲ್ಲ.’

‘ಹೇಳಿದ್ದು ಮಾಡು. ಕಂಪ್ರೆಸರ್ ಬದಲ ಮಾಡು.’

ಅವನು ಹುಬ್ಬಳ್ಳಿಗೆ ಹೋಗಿ ಹೊಸ ಕಂಪ್ರೆಸರ್ ತಂದ. ಡಬ್ಬಿಯನ್ನು ನನ್ನ ಮುಂದೆ ಹಿಡಿದು, ‘ಶೀಲ್ ನೋಡು ಅಣ್ಣಾ’ ಅಂದ. ನಾನು ಎಲೆಅಡಿಕೆ ಹಾಕುತ್ತಿದ್ದೆ, ನೋಡಲಿಲ್ಲ. ಅವನು ಕೂಡಿಸಿದ. ಓಡಿಸಿದೆವು, ತಂಪು. ನಿಲ್ಲಿಸಿದೆವು, ಬಿಸಿ.

ಈಗ ನನ್ನ ಮುಂದೆ ಎರಡೇ ದಾರಿ. ನನ್ನ ಮಾತು ತಪ್ಪಾಗಿರಬೇಕು, ಇಲ್ಲವೇ ಸಾಮಾನು ಹೊಸದಲ್ಲದೆ ಇರಬೇಕು. ಐದನೆಯ ಇಯತ್ತೆಯಲ್ಲಿ ಪಾಟಿ ಬಿಟ್ಟು ಬಂದವನು ಯಾವ ದಾರಿ ಹಿಡಿದಾನು? ‘ಹಳೇ ಕಂಪ್ರೆಸರ್ ತಿಕ್ಕಿ ಹಾಕಿ ಅಣ್ಣಗ ಮೋಸ ಮಾಡಿದಿ’ ಅಂದೆ. ಅವನು ನನ್ನ ಮುಖವನ್ನೇ ನೋಡಿದ. ‘ನೀ ಖರೇನ ಹಂಗ ಅನ್ನಾಕತ್ತೀಯೇನು?’ ಎಂದು ಒಂದೇ ಸಲ ಕೇಳಿದ. ‘ಹೌದು’ ಅಂದೆ. ಮಾಯವ್ವ ಬಾಗಿಲಲ್ಲಿ ನಿಂತಿದ್ದಳು.

ಅಲ್ಲಿಗೆ ಬಿಟ್ಟಿದ್ದರೆ ಅದು ಮನೆಯ ಜಗಳವಾಗಿ ಉಳಿಯುತ್ತಿತ್ತು. ಎರಡು ವರ್ಷದ ಹಿಂದೆ ಇದೇ ವಾರ್ಷಿಕ ಸಭೆ, ಇದೇ ಸಭಾಮಂದಿರ, ಇದೇ ಮೈಕು. ನಾನು ಎದ್ದು ನಿಂತು, ನನ್ನ ತಮ್ಮ ಹಳೆಯ ಸಾಮಾನನ್ನು ಹೊಸದೆಂದು ಕೂಡಿಸುತ್ತಾನೆ, ಇವನನ್ನು ನಂಬಬೇಡಿರಿ ಎಂದು ಹೇಳಿದೆ. ಪಾರಿಸಪ್ಪನವರು ‘ಗಿರಮಲ್ಲಪ್ಪ, ವಿಚಾರ ಮಾಡಿ ಮಾತಾಡ್ರಿ, ಒಡಹುಟ್ಟಿದಾಂವ’ ಅಂದರು. ‘ಒಡಹುಟ್ಟಿದಾಂವ ಅಂತನ ನನಗ ಗೊತ್ತು’ ಅಂದೆ. ಅಣ್ಣನೇ ಹೇಳಿದ ಮೇಲೆ ಯಾರು ಅನುಮಾನ ಪಟ್ಟಾರು? ಸಂಘದ ಯಾವ ಗ್ಯಾರೇಜಿನವರೂ ಮುತ್ತಣ್ಣನಿಗೆ ಏಸಿಯ ಕೆಲಸ ಕಳಿಸಬಾರದು ಎಂದು ಠರಾವು ಪಾಸಾಯಿತು. ನಾಮದೇವರು ಇದೇ ದುಂಡನೆಯ ಅಕ್ಷರದಲ್ಲಿ ಠರಾವು ಪುಸ್ತಕದಲ್ಲಿ ಬರೆದರು. ಕೆಳಗೆ ಸಾಕ್ಷಿಯ ಸಹಿ ನನ್ನದು. ನನಗೆ ಸಹಿ ಮಾಡುವಷ್ಟು ಅಕ್ಷರ ಬರುತ್ತದೆ.

ಅದೇ ವಾರ ಅವನು ಮನೆ ಬಿಟ್ಟು ಬೀಳಗಿಗೆ ಹೋದ. ಬಸ್ ಸ್ಟ್ಯಾಂಡಿನ ಹತ್ತಿರ ಈಗ ಸೈಕಲ್ ಮೋಟಾರಿನ ಪಂಕ್ಚರ್ ತಿದ್ದುತ್ತಾನೆ. ಆ ಕೈ ಪಂಕ್ಚರ್ ತಿದ್ದುವ ಕೈಯಲ್ಲ. ನೀವೂ ಬಲ್ಲಿರಿ. ಬಲ್ಲವರೂ ಠರಾವಿಗೆ ಅಂಜಿ ಸುಮ್ಮನಿದ್ದಿರಿ, ನಿಮ್ಮನ್ನು ಬೈಯುವುದಿಲ್ಲ. ಬೈಯುವ ಶಕ್ತಿಯೂ ಉಳಿದಿಲ್ಲ.

ಮಾಯವ್ವ ನನ್ನ ಜೊತೆ ಜಗಳವಾಡಲಿಲ್ಲ. ರೊಟ್ಟಿ ಬಡಿದು ಹಾಕಿದಳು, ಗುಳಿಗೆ ಎತ್ತಿ ಕೊಟ್ಟಳು. ಗಾಡಿಯಲ್ಲಿ ಮಾತ್ರ ಅವತ್ತಿನಿಂದ ಹಿಂದೆ ಕೂತಳು. ಮುಂದೆ ಬಾ ಅಂದರೆ, ‘ಅದು ಮುತ್ತಣ್ಣನ ಜಾಗ’ ಅಂದಳು. ಎರಡು ವರ್ಷ ನಾನು ನನ್ನ ಹೆಂಡತಿಯ ಡ್ರೈವರನಾಗಿದ್ದೆ. ಕನ್ನಡಿಯಲ್ಲಿ ನೋಡಿದರೆ ಅವಳು ಕಿಟಕಿಯ ಆಚೆ ನೋಡುತ್ತಿದ್ದಳು.

ಇನ್ನು ಹೋದ ತಿಂಗಳ ಮಾತು. ಮಾಯವ್ವನ ತಂಗಿಯ ಮನೆ ಚಿಮ್ಮಡದಲ್ಲಿದೆ, ಅಲ್ಲಿ ಒಂದು ಕಾರ್ಯಕ್ಕೆ ಹೊರಟಿದ್ದೆವು. ಅವರ ಓಣಿಯ ಬಾಯಲ್ಲೇ ಬೋರವೆಲ್ ಲಾರಿ ಅಡ್ಡ ನಿಂತಿತ್ತು. ಹಿಂದೆ ಟ್ರ್ಯಾಕ್ಟರ್, ಮುಂದೆ ಲಾರಿ. ಹೋಗುವ ಹಾಗಿಲ್ಲ, ಬರುವ ಹಾಗಿಲ್ಲ. ಮಧ್ಯಾಹ್ನದ ಹನ್ನೆರಡು. ಲಾರಿಯವರ ಧೂಳಿಗೆ ಗ್ಲಾಸ್ ಇಳಿಸುವಂತಿಲ್ಲ. ಅರ್ಧ ತಾಸು ನಿಂತೆವು. ಏಸಿ ತಾನು ಏಸಿ ಎಂಬುದನ್ನೇ ಮರೆತಿತ್ತು. ಮಾಯವ್ವ, ‘ಕಣ್ಣಿಗೆ ಕತ್ತಲಿ ಬರಾಕತ್ತೈತಿ’ ಅಂದಳು. ನಾನು ಹಾರ್ನು ಬಡಿಯುತ್ತಿದ್ದೆ. ಜೀವಮಾನವಿಡೀ ನನಗೆ ಬಂದ ಉಪಾಯ ಅದೊಂದೇ.

ಅವಳು ಬಾಗಿಲು ತೆಗೆದು ಇಳಿದಳು. ಬದಿಯಲ್ಲಿ ಒಬ್ಬಾಕೆ ಎಮ್ಮೆಗೆ ನೀರು ಸುರುವುತ್ತಿದ್ದಳು. ಮಾಯವ್ವ ಹೋಗಿ ಅವಳ ಕೈಯಿಂದ ಕೊಡ ಇಸಗೊಂಡು, ಮೊದಲು ತನ್ನ ಮುಖಕ್ಕೆ ನೀರು ಹಾಕಿಕೊಂಡಳು. ಆಮೇಲೆ ತುಂಬಿದ ಇನ್ನೊಂದು ಕೊಡ ಎತ್ತಿ ಗಾಡಿಯ ಮುಂದೆ ಬಂದಳು. ನಾನು ಒಳಗಿಂದ ಕೈ ಮಾಡಿದೆ, ಗ್ಲಾಸ್ ಇಳಿಸಿ ಕೂಗಿದೆ.

‘ಏ, ಭಂಡಾರ ಐತಿ ಅದಕ್ಕ.’

‘ಬೀರಪ್ಪಗೂ ನೀರು ಹಾಕ್ತಾರ. ಎಮ್ಮಿಗೂ ಹಾಕ್ತಾರ. ಇದೇನು ಅವರಿಬ್ಬರಕಿಂತ ದೊಡ್ಡದೇನು?’

ಅಂದವಳೇ ಇಡೀ ಕೊಡವನ್ನು ಜಾಲರಿಯ ಮೇಲೆ ಸುರುವಿದಳು.

ಒಂದು ನಿಮಿಷ ಹೋಗಿರಲಿಕ್ಕಿಲ್ಲ. ನನ್ನ ಕೈಮೇಲೆ ಗಾಳಿ ಬಂತು. ಇಂಜಿನ್ ಸುಮ್ಮನೆ ಗುರುಗುಡುತ್ತಿದೆ, ಗಾಡಿ ನಿಂತಲ್ಲೇ ನಿಂತಿದೆ, ಗಾಳಿ ತಣ್ಣಗಿದೆ. ನಾನು ಕೆಳಗಿಳಿದೆ. ಗಾಡಿಯ ಹೊಟ್ಟೆಯ ಕೆಳಗಿಂದ ಅರಿಷಿಣದ ನೀರು ಹರಿದು ಓಣಿಯ ಮಣ್ಣಿನಲ್ಲಿ ಇಳಿಯುತ್ತಿತ್ತು. ಮಾಯವ್ವ ಕಾಲು ಹಿಂದೆ ತೆಗೆದುಕೊಂಡು, ಬಗ್ಗಿ ಆ ನೀರನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡಳು. ನಾನು ಬೆರಳು ಹಾಕಿ ಜಾಲರಿಯ ಸಂದಿನಿಂದ ಒಂದು ತುಣುಕು ಎಳೆದೆ. ನೂಲಿನ ಧೂಳು, ಭಂಡಾರ, ವರ್ಷ ವರ್ಷದ ತೇವ ಸೇರಿ ಕಂಬಳಿಯ ಹಾಗೆ ಗಟ್ಟಿಯಾಗಿತ್ತು. ಹಳದಿ ಕಂಬಳಿ.

ಒಂದು ಕೊಡ ನೀರು. ಎರಡು ವರ್ಷದ ಹಿಂದೆ ಅವನು ಕೇಳಿದ್ದು ಅಷ್ಟೇ.

ಮಾಯವ್ವ ಕೊಡ ತಿರುಗಿ ಕೊಟ್ಟು ಬಂದು ಹಿಂದಿನ ಸೀಟಿನಲ್ಲಿ ಕೂತಳು. ಮನೆಗೆ ಬಂದ ಮೇಲೆ ಅಟ್ಟದಿಂದ ಒಂದು ಡಬ್ಬಿ ಇಳಿಸಿ, ಅದರಲ್ಲಿದ್ದ ಶೇಂಗಾವನ್ನು ಮೊರಕ್ಕೆ ಸುರಿದು, ಡಬ್ಬಿ ನನ್ನ ಮುಂದೆ ಇಟ್ಟಳು. ಕಂಪ್ರೆಸರಿನ ಡಬ್ಬಿ. ಮುಚ್ಚಳದ ಮೇಲೆ ನಂಬರಿನ ಚೀಟಿ ಇನ್ನೂ ಇತ್ತು. ನಾನು ಬ್ಯಾಟರಿ ಹಿಡಿದು ಗಾಡಿಯ ಕೆಳಗೆ ಮಲಗಿ ಕಂಪ್ರೆಸರಿನ ಮೇಲಿನ ನಂಬರು ಓದಿದೆ. ಒಂದೊಂದೇ ಅಂಕಿ. ಹನ್ನೊಂದು ಅಂಕಿ. ಹನ್ನೊಂದೂ ಚೀಟಿಯ ನಂಬರಿಗೆ ಸರಿಹೊಂದಿದವು. ಆ ಡಬ್ಬಿಯ ಮುಚ್ಚಳ ಇಲ್ಲಿದೆ, ಈ ಕೈಚೀಲದಲ್ಲಿ. ಪಾರಿಸಪ್ಪನವರೇ, ನಿಮ್ಮ ಮುಂದೆ ಇಡುತ್ತೇನೆ. ಗಾಡಿ ಹೊರಗಿದೆ. ಯಾರು ಬೇಕಾದರೂ ಮಲಗಿ ಓದಿ ಬರಲಿ.

ಒಂದು ತಿಂಗಳು ನಾನು ಇದನ್ನು ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಬೀಳಗಿಯ ಬಸ್ಸು ಹತ್ತಿ ಹೋಗಿ ಅವನ ಮುಂದೆ ನಿಂತು ಹೇಳಬಹುದಿತ್ತು. ಎರಡು ಸಲ ಬಸ್ ಸ್ಟ್ಯಾಂಡಿಗೆ ಹೋದೆ. ಎರಡು ಸಲವೂ ಚಹಾ ಕುಡಿದು ಮನೆಗೆ ಬಂದೆ. ಅಷ್ಟರಲ್ಲಿ ನಾಮದೇವರು ಬಂದು, ನೀವು ಅಂಗಡಿ ಮುಚ್ಚುತ್ತೀರಂತೆ, ಸಂಘದಿಂದ ಸನ್ಮಾನ ಮಾಡುತ್ತೇವೆ ಅಂದರು. ನಾನು ಆಗಲಿ ಅಂದೆ. ಒಳಗಿಂದ ಮಾಯವ್ವ ಅಂದಳು, ‘ಯಾವ ಮೈಕಿನ್ಯಾಗ ಅಂದ್ರಿ, ಅದ ಮೈಕಿನ್ಯಾಗ ತಿರುಗಿ ತಗೋರಿ. ಓಣ್ಯಾಗ ನಿಂತು ತಗೊಂಡ್ರ ನಡಿಯೂದಿಲ್ಲ.’ ಫೋನು ಮಾಡಿ ಮುತ್ತಣ್ಣನನ್ನು ಕರೆಸಿದವಳೂ ಅವಳೇ. ನಾನು ಕರೆದಿದ್ದರೆ ಅವನು ಬರುತ್ತಿರಲಿಲ್ಲ.

ಆ ಕಂಬದ ಹಿಂದೆ ಮುತ್ತಣ್ಣ ಎದ್ದು ನಿಂತಿದ್ದಾನೆ, ಕಾಣುತ್ತಿದೆ. ಕೂಡು. ಇನ್ನು ಸ್ವಲ್ಪವೇ ಉಳಿದಿದೆ. ಇಪ್ಪತ್ತೆಂಟು ವರ್ಷ ನನ್ನ ಬೈಗಳು ಕೇಳಿದವನಿಗೆ ಎರಡು ನಿಮಿಷ ಹೆಚ್ಚಲ್ಲ.

ನಾಮದೇವರೇ, ಠರಾವು ಪುಸ್ತಕ ತೆಗೆಯಿರಿ. ನಿಮ್ಮ ಅಕ್ಷರ ಚಂದ, ನೀವೇ ಬರೆಯಿರಿ. ಮುತ್ತಣ್ಣ ಕೂಡಿಸಿದ ಕಂಪ್ರೆಸರ್ ಹೊಸದೇ ಇತ್ತು. ಅವನು ಹೇಳಿದ ರೋಗ ಸರಿ ಇತ್ತು. ನಾನು ಹೇಳಿದ್ದು ತಪ್ಪು. ದೇವರ ಹೆಸರು ಮುಂದೆ ಮಾಡಿ ನನ್ನ ಹಟವನ್ನು ಕಾದುಕೊಂಡೆ. ಹಳೆಯ ಠರಾವನ್ನು ಹೊಡೆದುಹಾಕಬೇಕೆಂದು ನಾನೇ ಸೂಚಿಸುತ್ತೇನೆ. ಅನುಮೋದನೆಗೆ ಕೈ ಎತ್ತುವವರು ಎತ್ತಿರಿ. ಆಯಿತು. ಕೈ ಇಳಿಸಿರಿ, ಎಣಿಸುವುದು ಬೇಡ. ಕೆಳಗೆ ನನ್ನ ಸಹಿ ಮಾಡುತ್ತೇನೆ. ಅಂಗಡಿಯ ಕೀಲಿಯೂ ಈ ಮುಚ್ಚಳದ ಪಕ್ಕದಲ್ಲೇ ಇದೆ. ಒಯ್ಯುವುದು ಬಿಡುವುದು ಅವನ ಮರ್ಜಿ. ಒಯ್ದರೆ ರೋಗ ಹೇಳುವವನು ಅವನು. ನಾನು ಬಂದರೆ ಬಾಗಿಲಲ್ಲಿ ಕೂತು ಚಹಾ ಕುಡಿದು ಹೋಗುತ್ತೇನೆ.

ಮೂವತ್ತು ವರ್ಷ ಓಡುತ್ತಲೇ ಇದ್ದೆ, ಆದ್ದರಿಂದ ಎಲ್ಲರಿಗೂ ತಂಪಾಗಿಯೇ ಕಂಡಿರಬೇಕು. ಈಗ ನಿಂತಿದ್ದೇನೆ. ನಿಂತ ಮೇಲೆ ನನ್ನಲ್ಲಿ ಏನಿದೆ, ಏನಿಲ್ಲ ಎಂಬುದನ್ನು ನೀವೆಲ್ಲ ನೋಡಿದಿರಿ. ನೋಡಿದ್ದು ಒಳ್ಳೆಯದಾಯಿತು.

ಚಿಮ್ಮಡದಿಂದ ಬಂದ ಮರುದಿನ ಬೀರಪ್ಪನಿಗೆ ಕೈಮುಗಿದು, ಕೆಳಗೆ ಬುಟ್ಟಿ ಇಟ್ಟು, ಆ ಕಂಡೆನ್ಸರನ್ನು ನಾನೇ ಪೂರ್ತಿ ತೊಳೆದೆ. ಬುಟ್ಟಿಯ ನೀರನ್ನು ಮಾಯವ್ವ ತುಳಸಿಗೆ ಹಾಕಿದಳು. ಈ ಕೆಲಸಕ್ಕೆ ಇಷ್ಟೇ ಬೇಕಿತ್ತು.

ನಿಮ್ಮ ಊಟ ಆರುತ್ತಿದೆ. ಕೂತು ಕೇಳಿದ್ದಕ್ಕೆ ಅಧ್ಯಕ್ಷರಿಗೂ ಗುರುಗಳಿಗೂ ನಿಮ್ಮೆಲ್ಲರಿಗೂ ನಾನು ಋಣಿ. ಶಾಲು ಹಾಕುವುದಾದರೆ ಇನ್ನೊಂದು ಐದು ನಿಮಿಷ ತಡೆಯಿರಿ. ಮಾಯವ್ವ ಒಳಗೆ ಬಂದಿಲ್ಲ. ಇದೇ ಬಾಗಿಲಿನ ಎದುರಿಗೆ ಬಿಸಿಲಿನಲ್ಲಿ ಗಾಡಿ ನಿಂತಿದೆ, ಇಂಜಿನ್ ಚಾಲೂ ಇದೆ, ಅವಳು ಹಿಂದಿನ ಸೀಟಿನಲ್ಲಿ ಕೂತಿದ್ದಾಳೆ. ‘ನೀವು ಆಡೂದು ಆಡ್ರಿ. ಆಡಿದ್ದು ಖರೆ ಆದ್ರ ಮುತ್ತಣ್ಣ ಬಂದು ಕರೀತಾನ, ಆವಾಗ ಬರ್ತೀನಿ’ ಅಂದಿದ್ದಾಳೆ. ನಾನು ಮಾತಿಗೆ ನಿಂತಾಗಿನಿಂದ ಇಲ್ಲಿಂದ ನೋಡುತ್ತಲೇ ಇದ್ದೇನೆ. ಅರ್ಧ ತಾಸಾಗುತ್ತ ಬಂತು. ಅವಳು ಇನ್ನೂ ಗ್ಲಾಸ್ ಇಳಿಸಿಲ್ಲ.

ಮುತ್ತಣ್ಣ, ಹೋಗಪ್ಪಾ. ನಿಮ್ಮ ಅತ್ತಿಗಿನ್ನ ಕರಕೊಂಡು ಬಾ.

ಎಲ್ಲರಿಗೂ ನಮಸ್ಕಾರ.